ಓಜಿಬ್ವೇ ಭಾಷೆಯನ್ನು ಕಲಿಯತೊಡಗುವವರಿಗೆ

ಅಮೆರಿಕ ಮತ್ತು ಕೆನಡಾಗಳ ಗಡಿಯಲ್ಲಿರುವ ಮಹಾಸರೋವರಗಳ ಸುತ್ತ, ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್, ಒಂಟಾರಿಯೊ, ಮ್ಯಾನಿಟೋಬಗಳಲ್ಲಿ ನೆಲೆಸಿರುವ ಅನಿಶಿನಾಬೇ ಜನರ ನುಡಿ ಓಜಿಬ್ವೇ. ಅವರು ಅದನ್ನು ಅನಿಶಿನಾಬೇಮೊವಿನ್ ಎಂದು ಕರೆಯುತ್ತಾರೆ. ಎರಡೂ ದೇಶಗಳಲ್ಲಿ ಹಲವು ತಲೆಮಾರುಗಳ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ವಸತಿಶಾಲೆಗಳಿಗೆ ಸೇರಿಸಿ, ತಾಯ್ನುಡಿಯಲ್ಲಿ ಮಾತನಾಡಿದರೆ ಶಿಕ್ಷಿಸಿದ್ದರಿಂದ, ಬಾಲ್ಯದಿಂದ ಈ ನುಡಿಯನ್ನು ಆಡಿದವರಲ್ಲಿ ಇಂದು ಹೆಚ್ಚಿನವರು, ಅದರಲ್ಲೂ ಅಮೆರಿಕದ ಕಡೆ, ವಯಸ್ಸಾದವರು. ಟೊರಾಂಟೊ ಪಕ್ಕದ ಮಿಸಿಸಾಗಾ ನಗರ ತನ್ನ ಹೆಸರನ್ನು ಒಂದು ಅನಿಶಿನಾಬೇ ಪಂಗಡದಿಂದಲೇ ಪಡೆದಿದೆ. ಅಲ್ಲಿಯೋ ಮಿನಿಯಾಪೊಲಿಸ್‌ನಲ್ಲಿಯೋ ನೆಲೆಸಿ, ಆ ನೆಲದ ನುಡಿಯನ್ನು ಕಲಿತು ಅದರ ಪುನಶ್ಚೇತನಕ್ಕೆ ನೆರವಾಗಬೇಕೆನ್ನುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತತ್ತ್ವವನ್ನು ಒಪ್ಪಿಕೊಳ್ಳಬೇಕು. ಈ ಕೆಲಸದಲ್ಲಿ ಹಣಕ್ಕಿಂತಲೂ ಪುಸ್ತಕಕ್ಕಿಂತಲೂ ವಿರಳವಾದದ್ದು ಹಿರಿಯರ ಸಮಯ, ಮತ್ತು ಆ ಸಮಯದ ಮೇಲೆ ಮೊದಲ ಹಕ್ಕು ಅವರದೇ ಸಮುದಾಯದ ಮಕ್ಕಳದು. ಆದ್ದರಿಂದ ಧ್ವನಿಮುದ್ರಣ, ನಿಘಂಟು ಮತ್ತು ತರಗತಿಗಳಿಂದ ಕಲಿಯಬಹುದಾದುದನ್ನೆಲ್ಲ ಅವುಗಳಿಂದಲೇ ಕಲಿತು, ಬೇರೆಲ್ಲೂ ದೊರೆಯದದ್ದನ್ನು ಮಾತ್ರ ಹಿರಿಯರ ಬಳಿ ಕೇಳಬೇಕು.

ಯಾವ ಪ್ರದೇಶದ ಓಜಿಬ್ವೇ ಎಂಬುದನ್ನು ಆರಂಭದಲ್ಲೇ ನಿರ್ಧರಿಸಿಕೊಳ್ಳಿ. ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ಕಡೆಯ ರೂಪಕ್ಕೂ, ಒತ್ತಿ ಉಚ್ಚರಿಸದ ಹ್ರಸ್ವ ಸ್ವರಗಳು ಬಿದ್ದುಹೋಗುವ, ದಕ್ಷಿಣ ಒಂಟಾರಿಯೊ ಮತ್ತು ಮಿಷಿಗನ್ ಕಡೆಯ ಒಡಾವಾ ರೂಪಕ್ಕೂ ವ್ಯತ್ಯಾಸ ಸಾಕಷ್ಟಿದೆ. ಉತ್ತರ ಒಂಟಾರಿಯೊದಲ್ಲಿ ಲಿಪಿಯೇ ಬೇರೆ. ನೀವು ವಾಸಿಸುವ ಸ್ಥಳಕ್ಕೆ ಹತ್ತಿರದ ಸಮುದಾಯದ ರೂಪವನ್ನು ಹಿಡಿದು, ಕನಿಷ್ಠ ಮೊದಲ ಹಂತದಲ್ಲಿ ಬೇರೆಯದನ್ನು ಬೆರೆಸದಿರುವುದು ಒಳ್ಳೆಯದು. ಮಿನ್ನೆಸೋಟದವರಿಗೆ ಅಲ್ಲಿನ ವಿಶ್ವವಿದ್ಯಾಲಯ ಉಚಿತವಾಗಿ ಒದಗಿಸಿರುವ ಓಜಿಬ್ವೇ ಪೀಪಲ್ಸ್ ಡಿಕ್ಷನರಿ ಎಂಬ ಜಾಲನಿಘಂಟು ಮುಖ್ಯ ಆಸರೆ, ಏಕೆಂದರೆ ಅದರಲ್ಲಿ ಬಹಳಷ್ಟು ಪದಗಳನ್ನು ಹಿರಿಯರ ಧ್ವನಿಯಲ್ಲೇ ಕೇಳಬಹುದು.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. ಈ ನುಡಿಯಲ್ಲಿ ಅ, ಇ, ಒ ಎಂಬ ಮೂರು ಹ್ರಸ್ವಗಳೂ ಆ, ಈ, ಓ, ಏ ಎಂಬ ನಾಲ್ಕು ದೀರ್ಘಗಳೂ ಇವೆ, ಮತ್ತು ಹ್ರಸ್ವ ದೀರ್ಘ ಬದಲಾದರೆ ಅರ್ಥ ಬದಲಾಗಬಹುದು. ರೋಮನ್ ಬರಹದಲ್ಲಿ ಸ್ವರಾಕ್ಷರವನ್ನು ಎರಡು ಸಲ ಬರೆದರೆ ದೀರ್ಘ. ಆದರೆ ‘ಏ’ಯನ್ನು ಒಂದೇ ಅಕ್ಷರದಲ್ಲಿ ಬರೆಯುವುದರಿಂದ ಅದನ್ನು ‘ಎ’ ಎಂದು ಮೊಟಕಾಗಿ ಓದುವ ಅಭ್ಯಾಸವನ್ನು ಮೊದಲೇ ತಡೆಯಬೇಕು. ಇನ್ನೊಂದು ತೊಡಕು ನಮ್ಮ ಸಂಧಿಯ ರೂಢಿಯಿಂದಲೇ ಬರುತ್ತದೆ. ತೋಳವನ್ನು ಸೂಚಿಸುವ ‘ಮ’ಈಂಗನ್’ ಪದದಲ್ಲಿ ಎರಡು ಸ್ವರಗಳ ನಡುವೆ ಗಂಟಲು ಕ್ಷಣಮಾತ್ರ ಮುಚ್ಚಿ ತೆರೆಯಬೇಕು. ಯಕಾರಾಗಮಕ್ಕೆ ಪಳಗಿದ ನಮ್ಮ ನಾಲಿಗೆ ಅಲ್ಲಿ ತಾನಾಗಿ ‘ಯ’ ಸೇರಿಸುತ್ತದೆ. ಧ್ವನಿಮುದ್ರಣವನ್ನು ಕೇಳಿ, ತಡೆದು, ಮತ್ತೆ ಹೇಳುವುದನ್ನು ಬಿಟ್ಟು ಇದಕ್ಕೆ ಬೇರೆ ದಾರಿಯಿಲ್ಲ.

ಬಣ್ಣ, ಪ್ರಾಣಿ, ಸಂಖ್ಯೆಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದರಲ್ಲಿ ಹೆಚ್ಚು ಕಾಲ ಕಳೆಯಬೇಡಿ. ಓಜಿಬ್ವೇ ಕ್ರಿಯಾಪದಗಳ ಮೇಲೆ ನಿಂತಿರುವ ಭಾಷೆ. ‘ಬಕದೇ’ ಎಂದರೆ ಅವನಿಗೆ ಅಥವಾ ಅವಳಿಗೆ ಹಸಿವಾಗಿದೆ, ‘ನಿಂಬಕದೇ’ ಎಂದರೆ ನನಗೆ, ‘ಗಿಬಕದೇ’ ಎಂದರೆ ನಿನಗೆ. ಕನ್ನಡದಲ್ಲಿ ಕ್ರಿಯಾಪದದ ಕೊನೆಯಲ್ಲಿ ಕಾಣುವ ಪುರುಷಸೂಚನೆ ಇಲ್ಲಿ ಮೊದಲಲ್ಲೂ ಬರುತ್ತದೆ, ಸ್ತ್ರೀಲಿಂಗ ಪುಲ್ಲಿಂಗಗಳ ಭೇದವಿಲ್ಲ. ಅದರ ಬದಲು ನಾಮಪದಗಳು ಸಜೀವ, ನಿರ್ಜೀವ ಎಂಬ ಎರಡು ವರ್ಗಗಳಾಗುತ್ತವೆ. ಕಲ್ಲು ಸಜೀವ ವರ್ಗಕ್ಕೂ ದೋಣಿ ನಿರ್ಜೀವ ವರ್ಗಕ್ಕೂ ಸೇರುವುದರಿಂದ, ವರ್ಗವನ್ನು ಊಹಿಸದೆ ಪ್ರತಿ ಪದವನ್ನೂ ಅದರ ಬಹುವಚನದೊಡನೆ ಕಲಿಯಬೇಕು. ನೋಡುವ ಕ್ರಿಯೆಗೂ ಎರಡು ರೂಪಗಳಿವೆ: ಸಜೀವವನ್ನು ನೋಡಿದರೆ ‘ನಿವಾಬಮಾ’, ನಿರ್ಜೀವವನ್ನು ನೋಡಿದರೆ ‘ನಿವಾಬಂದಾನ್’. ನಿಘಂಟು ಪ್ರತಿ ಕ್ರಿಯಾಪದವನ್ನು ನಾಲ್ಕು ಬಗೆಗಳಲ್ಲಿ ಒಂದೆಂದು ಗುರುತಿಸುತ್ತದೆ, ಮತ್ತು ಆ ಗುರುತನ್ನು ನೋಡದೆ ಪದವನ್ನು ಬಳಸಿದರೆ ವಾಕ್ಯ ಕೆಡುತ್ತದೆ. ಕೇಳುವವರನ್ನು ಸೇರಿಸಿಕೊಂಡ ‘ನಾವು’ ಮತ್ತು ಬಿಟ್ಟ ‘ನಾವು’ ಇಲ್ಲಿ ಬೇರೆ ಬೇರೆ. ತುಳುವಿನ ‘ನಮ’, ‘ಎಂಕುಳು’ ಬಲ್ಲ ಕರಾವಳಿಯವರಿಗೆ ಇದು ಹೊಸತಲ್ಲ. ಆದ್ದರಿಂದ ದಿನನಿತ್ಯ ನೀವು ನಿಜವಾಗಿ ಮಾಡುವ ಕೆಲಸಗಳ ಕೆಲವೇ ಕ್ರಿಯಾಪದಗಳನ್ನು ಆರಿಸಿ, ಎಲ್ಲ ಪುರುಷಗಳಲ್ಲೂ ಪ್ರಶ್ನೆಯಲ್ಲೂ ನಿಷೇಧದಲ್ಲೂ ಸಲೀಸಾಗುವವರೆಗೆ ಗಟ್ಟಿಯಾಗಿ ಹೇಳಿಕೊಳ್ಳಿ.

ಇಷ್ಟಾದ ಮೇಲೆ ಎಲ್ಲರಿಗೂ ತೆರೆದಿರುವ ತರಗತಿಗೋ ಸಂಭಾಷಣಾಕೂಟಕ್ಕೋ ಹೋಗಬಹುದು. ಅಲ್ಲಿ ‘ಇಂದಿಜ಼ಿನಿಕಾಜ಼್’ ಎಂದು ಹೆಸರನ್ನೂ ‘ಇಂದೋಂಜಿಬಾ’ ಎಂದು ಊರನ್ನೂ ತಿಳಿಸುವುದು ಪದ್ಧತಿ. ಅನಿಶಿನಾಬೇ ಜನರು ತಮ್ಮ ‘ದೋದೇಮ್’ ಅಂದರೆ ಕುಲವನ್ನೂ ಹೇಳುತ್ತಾರೆ. ಹೊರಗಿನವರು ತಮಗೊಂದನ್ನು ಕಲ್ಪಿಸಿಕೊಳ್ಳಬಾರದು. ಹಿರಿಯರಲ್ಲಿ ಜ್ಞಾನವನ್ನು ಬೇಡುವಾಗ ‘ಅಸೇಮಾ’ ಎಂಬ ಹೊಗೆಸೊಪ್ಪನ್ನು ಅರ್ಪಿಸುವ ಸಂಪ್ರದಾಯವಿದೆ, ಅದರ ಕ್ರಮವನ್ನು ಆ ಊರಿನವರಿಂದ ಮೊದಲೇ ವಿಚಾರಿಸಿ. ಪವಿತ್ರ ಕಥೆಗಳನ್ನು ನೆಲದ ಮೇಲೆ ಹಿಮವಿರುವ ಕಾಲದಲ್ಲಿ ಮಾತ್ರ ಹೇಳುವುದು ರೂಢಿಯಾದ್ದರಿಂದ ಬೇಸಿಗೆಯಲ್ಲಿ ಅವನ್ನು ಕೇಳಬೇಡಿ. ಅನುಮತಿಯಿಲ್ಲದೆ ಯಾರ ಮಾತನ್ನೂ ಮುದ್ರಿಸಿಕೊಳ್ಳಬೇಡಿ, ಅನುಮತಿ ದೊರೆತರೂ ಹಂಚುವುದಕ್ಕೆ ಬೇರೆ ಅನುಮತಿ ಬೇಕು. ಅರೆಬರೆ ಕಲಿತು ಆ್ಯಪ್ ಮಾಡುವ, ಪಾಠದ ವಿಡಿಯೊ ಹಾಕುವ ಉತ್ಸಾಹವನ್ನೂ ತಡೆದುಕೊಳ್ಳಬೇಕು, ಏಕೆಂದರೆ ಅವುಗಳಲ್ಲಿನ ತಪ್ಪುಗಳು ಆ ಸಮುದಾಯದ ಮಕ್ಕಳ ಕಿವಿಗೇ ಹೋಗಿ ಬೀಳುತ್ತವೆ.

ನೆರವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಅಮೆರಿಕದಲ್ಲಿ 1990ರಲ್ಲೂ ಕೆನಡಾದಲ್ಲಿ 2019ರಲ್ಲೂ ಮೂಲನಿವಾಸಿಗಳ ಭಾಷೆಗಳಿಗಾಗಿ ಕಾನೂನುಗಳು ಬಂದಿವೆ, ಆದರೆ ಮಾತನಾಡುವ ಮಕ್ಕಳನ್ನು ಬೆಳೆಸುವುದು ಶಾಲೆಗಳು ಮತ್ತು ಮನೆಗಳು. ವಿಸ್ಕಾನ್ಸಿನ್‌ನ ಲಾಕ್ ಕೂಡ್ ಒರೇ ಪ್ರದೇಶದಲ್ಲಿರುವ ವಾದೋಕೊದಾದಿಂಗ್ ಶಾಲೆಯಲ್ಲಿ ಮಕ್ಕಳು ಪಾಠಗಳನ್ನು ಓಜಿಬ್ವೇಯಲ್ಲೇ ಕಲಿಯುತ್ತಾರೆ. ನೀವು ತೆಗೆದಿಟ್ಟ ಹಣ ಇಂಥ ಶಾಲೆಗಳಿಗೆ ಸಲ್ಲಲಿ. ಕೂಟಗಳಲ್ಲಿ ಕುರ್ಚಿ ಜೋಡಿಸುವುದು, ಅಡುಗೆಗೆ ಕೈಹಾಕುವುದು, ಹಿರಿಯರನ್ನು ಕಾರಿನಲ್ಲಿ ಕರೆತಂದು ಮನೆಗೆ ತಲುಪಿಸುವುದು ಮುಂತಾದ ಕೆಲಸಗಳಿಗೆ ಜನ ಸಾಮಾನ್ಯವಾಗಿ ಸಾಲದಿರುತ್ತಾರೆ. ಏನು ಬೇಕೆಂದು ಸಂಘಟಕರನ್ನು ಕೇಳಿ, ಅವರು ಹೇಳಿದ್ದನ್ನು ಮಾಡಿ. ತರಗತಿಯಲ್ಲಿ ಸ್ಥಳ ಕಡಿಮೆಯಿದ್ದರೆ ನಿಮ್ಮ ಜಾಗವನ್ನು ಅನಿಶಿನಾಬೇ ವಿದ್ಯಾರ್ಥಿಗೆ ಬಿಟ್ಟುಕೊಟ್ಟು, ಮುಂದಿನ ಅವಧಿಯವರೆಗೆ ನಿಘಂಟಿನ ಧ್ವನಿಗಳೊಡನೆ ಅಭ್ಯಾಸ ಮುಂದುವರಿಸಿ.