ಮಡಿಕೇರಿಯ ಸಂಚಾರ ದಟ್ಟಣೆ: ವಾಹನ ಎಣಿಸಿ ಮನವಿ ಬರೆಯುವ ಕ್ರಮ

ರಜಾದಿನಗಳಲ್ಲಿ ಜನರಲ್ ತಿಮ್ಮಯ್ಯ ವೃತ್ತ ದಾಟಲು ಕಾದು ಸುಸ್ತಾದವರ ಬಾಯಲ್ಲಿ ಮೊದಲು ಬರುವುದು ‘ರಸ್ತೆ ಅಗಲಿಸಬೇಕು’ ಎಂಬ ಮಾತು. ನಾನೂ ಒಮ್ಮೆ ಹಾಗೆಯೇ ಬರೆದು, ನೆರೆಹೊರೆಯವರ ಸಹಿ ಹಾಕಿಸಿ, ಸಂಬಂಧಪಟ್ಟ ಕಚೇರಿಗೆ ಕೊಟ್ಟಿದ್ದೆ. ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲಿನ ಉತ್ತರ ಬಂತು, ಮುಂದೇನೂ ಆಗಲಿಲ್ಲ. ಬೇಸರವಾಯಿತು, ಆದರೆ ಮನವಿಯನ್ನು ಮತ್ತೆ ಓದಿದಾಗ ಅದರಲ್ಲಿ ಎಷ್ಟು ವಾಹನ, ಯಾವ ಹೊತ್ತು, ಯಾವ ದಿಕ್ಕಿನಿಂದ ಎಂಬ ಒಂದು ಅಂಕಿಯೂ ಇರಲಿಲ್ಲವೆಂದು ಕಂಡಿತು. ಅಂಕಿಗಳನ್ನು ಸಂಗ್ರಹಿಸುವುದು ಇಬ್ಬರಿಂದ ಆಗುವ ಕೆಲಸ.

ಎಣಿಕೆಗೆ ಇಳಿಯುವ ಮೊದಲು ಬೆಟ್ಟದ ರಸ್ತೆಯ ಮಿತಿಯನ್ನು ಅರಿತಿರಬೇಕು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಊರ ಹೊರಗಿನ ರಸ್ತೆಗಳಿಗೆ ಕೊಟ್ಟ ಮಾನದಂಡದ ಪ್ರಕಾರ, ತಿರುವು ಕಡಿಮೆಯಿರುವ ಬಯಲುಸೀಮೆಯ ದ್ವಿಪಥ ರಸ್ತೆ ದಿನಕ್ಕೆ 15,000 ಕಾರುಗಳಿಗೆ ಸಮನಾದ ಸಂಚಾರವನ್ನು ತಾಳಿದರೆ, ತಿರುವು ಹೆಚ್ಚಿರುವ ಬೆಟ್ಟದ ದ್ವಿಪಥ ರಸ್ತೆ ತಾಳುವುದು 5,000ವನ್ನು ಮಾತ್ರ. ನಮ್ಮಲ್ಲಿ ಅಗಲಿಸುವುದೆಂದರೆ ಬರೆ, ಅಂದರೆ ರಸ್ತೆಬದಿಯ ಗುಡ್ಡದ ಕಡಿದಾದ ಅಂಚು, ಕಡಿಯುವುದು. 2018ರ ಆಗಸ್ಟ್‌ನಲ್ಲಿ ಮಂಗಳೂರು ರಸ್ತೆಯ ಜೋಡುಪಾಲ, ಮದೆನಾಡು ಭಾಗಗಳಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ಅದನ್ನು ಹಗುರವಾಗಿ ಕೇಳಲಾರರು. ಆದ್ದರಿಂದ ಇರುವ ಅಗಲದಲ್ಲಿ ಎಷ್ಟು ಭಾಗ ಓಡಾಟಕ್ಕೆ ಸಿಗುತ್ತಿದೆ ಎಂಬುದನ್ನು ಮೊದಲು ನೋಡಿರಿ.

ಒಂದು ಭಾನುವಾರ ಬೆಳಿಗ್ಗೆ ರಾಜಾಸೀಟ್ ಕಡೆಗೆ ಹೋಗುವ ದಾರಿಯಲ್ಲಿ ನಿಂತು ನೋಡುತ್ತಿದ್ದೆ. ಟೆಂಪೋ ಟ್ರಾವೆಲರೊಂದು ಎಡಬದಿಗೆ ನಿಂತಿತು, ಜನ ಇಳಿದರು, ಹಿಂಬಾಗಿಲು ತೆರೆದು ಬ್ಯಾಗುಗಳನ್ನು ಒಂದೊಂದಾಗಿ ಕೆಳಗಿಟ್ಟರು. ಅದರ ಹಿಂದಿದ್ದ ಪಿಕಪ್ ಬಲಕ್ಕೆ ಹೊರಳಿ ಮುಂದೆ ಹೋಗಲು ನೋಡುವಷ್ಟರಲ್ಲಿ ಎದುರಿನಿಂದ ಬಸ್ಸು ಬಂತು. ಇಬ್ಬರೂ ಹಿಂದೆ ಸರಿಯುವಂತಿರಲಿಲ್ಲ. ಟ್ರಾವೆಲರ್ ಹೊರಟುಹೋದ ಮೇಲೂ ಆ ಸಾಲು ಕರಗಲು, ಅದು ನಿಂತಿದ್ದ ಹೊತ್ತಿಗಿಂತ ಹಲವು ಪಟ್ಟು ಸಮಯ ಹಿಡಿಯಿತು. ರಸ್ತೆಯ ಅಗಲವನ್ನು ತಿಂದದ್ದು ನಿಂತ ವಾಹನವೇ ಹೊರತು ಓಡುವ ವಾಹನವಲ್ಲ.

ಎಣಿಕೆಗೆ ಒಂದು ವೃತ್ತವನ್ನು ಮಾತ್ರ ಆರಿಸಿಕೊಳ್ಳಿರಿ. ಗೀಟೆಳೆದ ನೋಟ್‌ಬುಕ್ಕಿನಲ್ಲಿ ಬೈಕು, ಕಾರು, ಆಟೋ, ಪಿಕಪ್, ಬಸ್ಸು ಮತ್ತು ಲಾರಿ ಎಂಬ ಕಾಲಂಗಳನ್ನು ಮಾಡಿ, ಒಬ್ಬರು ಒಂದು ದಿಕ್ಕಿನಂತೆ ಕಡ್ಡಿಗೀಟು ಹಾಕುತ್ತ ಹೋಗಿ, ಪ್ರತಿ 15 ನಿಮಿಷಕ್ಕೆ ಹೊಸ ಸಾಲು ಆರಂಭಿಸಿರಿ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಮಂಜಿಗೆ ಕಾಗದ ಒದ್ದೆಯಾದರೂ ಬರಹ ಉಳಿಯುತ್ತದೆ. ಬೆಳಿಗ್ಗೆ ಶಾಲೆಯ ಹೊತ್ತು, ಮಧ್ಯಾಹ್ನ, ಸಂಜೆ ಎಂದು ಎರಡೆರಡು ಗಂಟೆ ಸಾಕು. ಆದರೆ ಒಂದು ಕೆಲಸದ ದಿನ ಮತ್ತು ಒಂದು ಭಾನುವಾರ ಎರಡೂ ಇರಲೇಬೇಕು. ಊರ ಹೊರಗಿನ ರಸ್ತೆಗಳಲ್ಲಿ ವರ್ಷಕ್ಕೆ ಎರಡು ಸಲ, ಸುಗ್ಗಿಯ ಕಾಲದಲ್ಲೊಮ್ಮೆ, ಬಿಡುವಿನ ಕಾಲದಲ್ಲೊಮ್ಮೆ ಎಣಿಸುವುದು ಇಂಜಿನಿಯರುಗಳ ರೂಢಿ. ನಮಗೆ ಸುಗ್ಗಿಯೆಂದರೆ ಕಾಫಿ ಕೊಯ್ಲಿನ ತಿಂಗಳುಗಳು. ಆಗಲೇ ಕಾಫಿ ಮೂಟೆಯ ಲಾರಿಯೂ ಪ್ರವಾಸಿಗರ ಕಾರೂ ಒಂದೇ ರಸ್ತೆಗೆ ಬರುತ್ತವೆ.

ನಂತರ ಲೆಕ್ಕವನ್ನು ಕಾರಿನ ಅಳತೆಗೆ ತರಬೇಕು. ಅದೇ ಮಾನದಂಡದಲ್ಲಿ ಬೈಕಿಗೆ 0.5, ಕಾರು, ಆಟೋ ಮತ್ತು ಪಿಕಪ್‌ಗೆ 1, ಲಘು ಸರಕು ವಾಹನಕ್ಕೆ 1.5, ಬಸ್ಸು ಮತ್ತು ಲಾರಿಗೆ 3 ಎಂಬ ತೂಕವಿದೆ. ಉದಾಹರಣೆಗೆ ಒಂದು ಗಂಟೆಯಲ್ಲಿ 120 ಬೈಕು, 150 ಕಾರು, 20 ಬಸ್ಸು ಹಾದುಹೋದರೆ 60, 150, 60 ಸೇರಿ 270 ಆಗುತ್ತದೆ. 20 ಬಸ್ಸು 120 ಬೈಕಿಗೆ ಸಮ ಎಂಬುದನ್ನು ಕಂಡು ಬಸ್ಸನ್ನು ಊರೊಳಗೆ ಬಿಡಬಾರದೆನ್ನಲು ಹೊರಡಬೇಡಿರಿ. ಆ 20 ಬಸ್ಸುಗಳಲ್ಲಿ ಕುಳಿತವರನ್ನೂ ಎಣಿಸಿ ಪಕ್ಕದಲ್ಲಿ ಬರೆಯಿರಿ.

ನಿಂತ ವಾಹನಗಳ ಲೆಕ್ಕ ಇದಕ್ಕಿಂತಲೂ ಮುಖ್ಯವೆಂಬುದು ನನ್ನ ಅನುಭವ. ರಸ್ತೆಯ ಒಂದು ತುಂಡನ್ನು ಗುರುತಿಸಿ, ಅರ್ಧ ಗಂಟೆಗೊಮ್ಮೆ ಅಲ್ಲಿ ನಡೆದುಕೊಂಡು ಹೋಗಿ, ನಿಂತಿರುವ ಪ್ರತಿ ವಾಹನದ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ಬರೆದುಕೊಳ್ಳಿರಿ. ಒಂದೇ ಸಂಖ್ಯೆ ಬೆಳಿಗ್ಗೆಯಿಂದ ಸಂಜೆವರೆಗೂ ಕಂಡರೆ ಅದು ಗಿರಾಕಿಯ ವಾಹನವಲ್ಲ, ಬಹುಶಃ ಅಲ್ಲಿಯೇ ಕೆಲಸ ಮಾಡುವವರದ್ದು. ಕೊಡಗಿನ ನೋಂದಣಿಯಾದ ಕೆಎ 12 ಎಷ್ಟು, ಹೊರಗಿನವು ಎಷ್ಟು ಎಂಬುದನ್ನೂ ಗುರುತಿಸಿಕೊಂಡರೆ, ಎಲ್ಲ ತಪ್ಪನ್ನೂ ಪ್ರವಾಸಿಗರ ಮೇಲೆ ಹೊರಿಸುವ ನಮ್ಮ ಅಭ್ಯಾಸ ಎಷ್ಟು ಸರಿ ಎಂಬುದೂ ತಿಳಿಯುತ್ತದೆ. ಒಂದು ಕಾರಿನ ನಿಲುಗಡೆಗೆ ಸುಮಾರು 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಟೇಪು ಹಿಡಿದು ರಸ್ತೆಯನ್ನು ಅಳೆದರೆ ಎರಡೂ ಬದಿ ಕಾರು ನಿಂತಾಗ ಬಸ್ಸಿಗೆ ಉಳಿಯುವುದೆಷ್ಟೆಂದು ಯಾರಿಗೂ ವಿವರಿಸಬೇಕಾಗುವುದಿಲ್ಲ.

ಮನವಿ ಒಂದೇ ಪುಟದಲ್ಲಿರಲಿ, ಕೈಯಿಂದ ಬರೆದ ನಕ್ಷೆಯೊಂದು ಜೊತೆಗಿರಲಿ. ‘ದಟ್ಟಣೆ ನಿವಾರಿಸಿ’ ಎಂದು ಕೇಳದೆ, ಇಂಥ ಅಂಗಡಿಯಿಂದ ಇಂಥ ತಿರುವಿನವರೆಗೆ ದಿನ ಬಿಟ್ಟು ದಿನ ಒಂದೊಂದು ಬದಿಗೆ ನಿಲುಗಡೆ, ವೃತ್ತದ ಬಾಯಲ್ಲಿರುವ ಬಸ್ ತಂಗುದಾಣವನ್ನು ಏರಿನಲ್ಲಲ್ಲದ ಸಮತಟ್ಟು ಜಾಗಕ್ಕೆ ಸರಿಸುವುದು, ಸರಕು ಇಳಿಸಲು ಬೆಳಗಿನ ನಿಗದಿತ ಹೊತ್ತು ಎಂದು ನಿರ್ದಿಷ್ಟವಾಗಿ ಕೇಳಿರಿ. ಮೋಟಾರು ವಾಹನ ಕಾಯ್ದೆ 1988ರ 115ನೇ ಸೆಕ್ಷನ್ ಸಂಚಾರ ನಿರ್ಬಂಧಕ್ಕೂ, 117ನೇ ಸೆಕ್ಷನ್ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ನಿಲುಗಡೆಯ ಜಾಗ ಗೊತ್ತುಪಡಿಸುವುದಕ್ಕೂ ಅಧಿಕಾರ ಕೊಡುತ್ತವೆ. ಮನವಿಯಲ್ಲಿ ಇವನ್ನು ಉಲ್ಲೇಖಿಸಿರಿ. ಮೂಲ ಪ್ರತಿ ಜಿಲ್ಲಾಧಿಕಾರಿಗಳಿಗೆ, ಪ್ರತಿಗಳು ನಗರಸಭೆಗೆ ಮತ್ತು ಸಂಚಾರ ಪೊಲೀಸರಿಗೆ ಸಲ್ಲಲಿ; ಮೈಸೂರು–ಮಂಗಳೂರು ರಸ್ತೆಯ ವಿಷಯವಾದರೆ ಅದು ರಾಷ್ಟ್ರೀಯ ಹೆದ್ದಾರಿ 275 ಆದ್ದರಿಂದ ಹೆದ್ದಾರಿ ವಿಭಾಗಕ್ಕೂ ಒಂದು ಪ್ರತಿ ಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹಿಂದಿರುಗಬೇಡಿರಿ.

ಕ್ರಮ ಜಾರಿಯಾದ ಮೇಲೆ ಅದೇ ವೃತ್ತದಲ್ಲಿ, ವಾರದ ಅದೇ ದಿನ, ಅದೇ ಹೊತ್ತಿಗೆ ಮತ್ತೆ ಎಣಿಸಿ, ಎರಡು ಹಾಳೆಗಳನ್ನೂ ಒಟ್ಟಿಗೆ ಪಿನ್ ಮಾಡಿ ಹಳೆಯ ಮನವಿಯ ಸ್ವೀಕೃತಿ ಸಂಖ್ಯೆಯೊಂದಿಗೆ ಕಳುಹಿಸಿರಿ.