ಯಜಮಾನ್ರ ಕೋಟು ನಾನೇ ಬಿಚ್ಚಿ ಫಿಟ್ ಮಾಡಿದ್ದು

ಕೋಟು ಲೂಸಾಗಿದೆ ಅಂತ ಕತ್ತರಿ ತಗೊಳೋಕ್ ಮುಂಚೆ ಭುಜ ನೋಡಿ. ಹಾಕ್ಕೊಂಡವರನ್ನ ಗೋಡೆಗೆ ಪಕ್ಕ ಮಾಡಿ ನಿಲ್ಲಿಸಿ ಮೆಲ್ಲಗೆ ಗೋಡೆ ಕಡೆ ಸರಿಯೋಕ್ ಹೇಳಿ, ತೋಳು ತಾಗೋಕ್ ಮುಂಚೆ ಕೋಟಿನ ಪ್ಯಾಡ್ ಗೋಡೆಗೆ ತಾಗಿದ್ರೆ ಭುಜಾನೇ ಅಗಲ ಅಂತ, ಆ ಕೋಟನ್ನ ಮನೇಲಿ ಮುಟ್ಟೋದ್ ಬೇಡ. ತೋಳು ಪೂರ್ತಿ ಬಿಚ್ಚಿ, ಪ್ಯಾಡು, ಒಳಗಿನ ಕ್ಯಾನ್ವಾಸು ಎಲ್ಲಾ ಎತ್ತಿ, ತೋಳಿನ ಸುತ್ತನ್ನ ಮತ್ತೆ ಕತ್ತರಿಸಿ ಕೂರಿಸ್ಬೇಕು, ಅದು ಪಳಗಿದ ಟೈಲರ್‌ಗಳೇ ಹಿಂದೆಮುಂದೆ ನೋಡೋ ಕೆಲ್ಸ.

ನಮ್ಮ ಯಜಮಾನ್ರ ಕೋಟಿಗೆ ಭುಜ ಸರಿಯಾಗೇ ಕೂತಿತ್ತು. ಸೊಂಟದ ಹತ್ರ ಮಾತ್ರ ಗೋಣಿಚೀಲ, ತೋಳು ಹೆಬ್ಬೆರಳ ಬುಡ ದಾಟಿ ಇಳೀತಿತ್ತು. ನಾನು ಟೈಲರ್ ಅಲ್ಲ, ಮನೇಲಿ ಮೆಷಿನ್ ಇದೆ, ಬ್ಲೌಸ್ ಹೊಲೀತೀನಿ, ಪ್ಯಾಂಟ್ ಮಡಚ್ತೀನಿ ಅಷ್ಟೇ, ಆದ್ರೆ ಇಷ್ಟು ಗೊತ್ತಿದ್ರೆ ಈ ಎರಡು ಕೆಲ್ಸಕ್ಕೆ ಸಾಕು.

ಪಿನ್ ಹಾಕೋದು ಮೈಮೇಲೇ ಹಾಕ್ಬೇಕು, ಒಳಗಡೆ ಅವರು ದಿನಾ ಹಾಕೋ ಶರ್ಟೇ ಇರ್ಬೇಕು, ಬನಿಯನ್ ಮೇಲೆ ಅಳತೆ ತಗೊಂಡ್ರೆ ಆಮೇಲೆ ಶರ್ಟ್ ಹಾಕ್ದಾಗ ಟೈಟು. "ಹೊಟ್ಟೆ ಒಳಗೆ ಎಳ್ಕೋಬೇಡ್ರೀ, ಯಾವಾಗ್ಲೂ ನಿಲ್ಲೋ ಥರ ನಿಂತ್ಕೊಳ್ಳಿ" ಅಂತ ಎಷ್ಟು ಸಲ ಹೇಳಿದ್ರೂ ಪಿನ್ ಕಂಡ್ ತಕ್ಷಣ ಉಸಿರು ಬಿಗಿ ಹಿಡಿಯೋದು, ಫೋನ್ ಕೊಟ್ಟು ಏನೋ ನೋಡ್ತಿರಿ ಅಂದ್ಮೇಲೇ ಸರಿಹೋಯ್ತು. ಮೇಲಿನ ಗುಂಡಿ ಹಾಕ್ಸಿ, ಬೆನ್ನ ಮಧ್ಯದ ಹೊಲಿಗೆ ಮತ್ತೆ ಎರಡು ಪಕ್ಕದ ಹೊಲಿಗೆ, ಈ ಮೂರು ಕಡೆ ಚಿವುಟಿ ಪಿನ್ ಹಾಕ್ದೆ. ಲೆಕ್ಕ ಸುಲಭ, ಒಂದು ಹೊಲಿಗೇಲಿ ಕಾಲಿಂಚು ಒಳಗೆ ಸರಿದ್ರೆ ಎರಡೂ ಪದರ ಸೇರಿ ಸುತ್ತಳತೇಲಿ ಅರ್ಧ ಇಂಚು ಹೋಗುತ್ತೆ, ಮೂರೂ ಹೊಲಿಗೆಗೆ ಒಂದೂವರೆ ಇಂಚು. ಪೂರ್ತಿ ಪಕ್ಕದಲ್ಲೇ ತೆಗೆದ್ರೆ ಜೇಬುಗಳು ಹಿಂದಕ್ಕೆ ಓಡೋಗಿ ವಿಚಿತ್ರವಾಗಿ ಕಾಣ್ಸುತ್ತೆ, ಅದಕ್ಕೇ ಬೆನ್ನಿಗೂ ಒಂದು ಪಾಲು ಹಂಚಿದ್ದು. ಗುಂಡಿ ಹತ್ರ ಎಕ್ಸ್ ಆಕಾರದ ಸುಕ್ಕು ಬಿತ್ತೋ ಜಾಸ್ತಿ ಎಳೆದಿದೀರ ಅಂತ, ಅಲ್ಲಿಗೆ ಒಂದೆರಡು ಪಿನ್ ಸಡಿಲ ಮಾಡಿ.

ಈಗ ಒಳಗೆ ಹೋಗೋದು ಹೆಂಗೆ, ಸುತ್ತ ಲೈನಿಂಗ್ ಮುಚ್ಚಿದ್ಯಲ್ಲ. ಬಹಳಷ್ಟು ರೆಡಿಮೇಡ್ ಕೋಟಿಗೆ ಒಂದು ಕಳ್ಳಬಾಗಿಲು ಇರುತ್ತೆ. ತೋಳಿನ ಲೈನಿಂಗನ್ನ ಹೊರಗೆ ಎಳೆದು ಉದ್ದದ ಹೊಲಿಗೆ ನೋಡ್ತಾ ಬನ್ನಿ, ಎಲ್ಲಾ ಕಡೆ ಹೊಲಿಗೆ ಒಳಗೆ ಅಡಗಿರುತ್ತೆ, ಒಂದು ಕಡೆ ಮಾತ್ರ ಗೇಣುದ್ದ ಎರಡು ಅಂಚನ್ನ ಜೋಡಿಸಿ ಮೇಲಿಂದಾನೇ ಮೆಷಿನ್ ಹೊಡೆದಿರ್ತಾರೆ. ಫ್ಯಾಕ್ಟರೀಲಿ ಇಡೀ ಕೋಟನ್ನ ಒಳಗಿಂದ ಹೊರಗೆ ತಿರುಗ್ಸಿದ್ದು ಅದೇ ತೂತಲ್ಲಿ. ನಮ್ಮದ್ರಲ್ಲಿ ಎಡತೋಳಲ್ಲಿತ್ತು. ಅದನ್ನ ಬಿಚ್ಚಿ ಕೈ ತೂರ್ಸಿ ಬೆನ್ನಿನ ಬಟ್ಟೆ ಹಿಡಿದು ನಿಧಾನಕ್ಕೆ ಎಳೀತಾ ಹೋದ್ರೆ ಇಡೀ ಕೋಟು ಉಲ್ಟಾ ಆಗಿ ಹೊರಗೆ ಬರುತ್ತೆ, ನೋಡೋಕೆ ಭಯ ಆಗುತ್ತೆ ಆದ್ರೆ ಏನೂ ಆಗಲ್ಲ. ಕೆಳಗಿನ ಅಂಚು ಬಿಚ್ಚೋ ರಗಳೆ ಪೂರ್ತಿ ಉಳೀತು.

ಪಿನ್ ಇದ್ದ ಜಾಗಾನ ಉಲ್ಟಾ ಮಾಡೋಕ್ ಮುಂಚೆಯೇ ಬಿಳಿ ದಾರದಲ್ಲಿ ಗುರುತು ಹಾಕ್ಕೊಂಡಿದ್ದೆ, ಚಾಕ್ ಆದ್ರೆ ಎಳೆದಾಟದಲ್ಲಿ ಅಳಿಸೋಗುತ್ತೆ. ಒಳಗಿಂದ ಕಚ್ಚಾ ಹೊಲಿಗೆ ಹಾಕಿ, ಸೊಂಟದಲ್ಲಿ ಕಾಲಿಂಚು, ಮೇಲೆ ಕಂಕುಳ ಕಡೆ ಕೆಳಗೆ ಸೀಳಿನ ಕಡೆ ಹೋಗ್ತಾ ಹೋಗ್ತಾ ಸಣ್ಣ ಆಗಿ ಹಳೇ ಹೊಲಿಗೆಗೇ ಸೇರೋ ಥರ ಮಾಡ್ದೆ. ಸೀಳು ಶುರುವಾಗೋಕ್ ಮುಂಚೆಯೇ ಹಳೇ ಲೈನಿಗೆ ಬಂದುಬಿಡ್ಬೇಕು, ಇಲ್ಲಾಂದ್ರೆ ಹಿಂದೆ ಸೀಳು ಬಾಯಿ ಬಿಟ್ಕೊಂಡೇ ಇರುತ್ತೆ. ಒಂದ್ಸಲ ಹಾಕ್ಸಿ ನೋಡಿ ಆಮೇಲೆ ಮೆಷಿನ್, ಅದಾದ್ಮೇಲೇ ಹಳೇ ಹೊಲಿಗೆ ಬಿಚ್ಚಿದ್ದು. ಒಳಗೆ ಉಳಿದ ಬಟ್ಟೆ ಕತ್ತರಿಸಲಿಲ್ಲ, ಮುಂದೆ ದೊಡ್ಡದು ಮಾಡೋಕೆ ಬೇಕಾಗೇ ಆಗುತ್ತೆ, ನಮ್ಮೋರ ಊಟ ನಂಗೆ ಗೊತ್ತು. ಲೈನಿಂಗನ್ನ ಪಕ್ಕದಲ್ಲಿ ಮಾತ್ರ, ಅದೂ ಮೇಲ್ಬಟ್ಟೆಗಿಂತ ಕಮ್ಮಿ ಹಿಡಿದೆ. ಲೈನಿಂಗ್ ಯಾವಾಗ್ಲೂ ಒಂಚೂರು ಸಡಿಲ ಇರ್ಬೇಕು, ಟೈಟಾದ್ರೆ ಕೈ ಮುಂದೆ ಚಾಚಿದಾಗ ಬೆನ್ನಲ್ಲಿ ಹರಿಯೋದು ಅದೇ ಮೊದಲು.

ಹೊಲಿಯೋದಕ್ಕಿಂತ ಜಾಸ್ತಿ ಹೊತ್ತು ಹಿಡಿದಿದ್ದು ಇಸ್ತ್ರಿ, ಮನೇಲಿ ಮಾಡಿದ್ದೋ ಅಂಗಡೀಲಿ ಮಾಡಿಸಿದ್ದೋ ಅಂತ ಗೊತ್ತಾಗೋದೂ ಇಲ್ಲೇ. ಉಣ್ಣೆ ಬಟ್ಟೆ ಮೇಲೆ ಇಸ್ತ್ರಿ ಉಜ್ಜಬಾರ್ದು, ಒದ್ದೆ ಹಿಂಡಿದ ಕಾಟನ್ ಬಟ್ಟೆ ಹಾಕಿ ಒತ್ತೋದು, ಎತ್ತೋದು, ಪಕ್ಕಕ್ಕೆ ಇಡೋದು. ಬರೀ ಇಸ್ತ್ರಿ ತಾಗಿದ್ರೆ ಹೊಳಪು ಬರುತ್ತೆ, ಆ ಹೊಳಪು ಹೋಗ್ಸೋದು ಕಷ್ಟ. ಸೊಂಟದ ಹೊಲಿಗೆ ಬಾಗಿರೋದ್ರಿಂದ ಚಪ್ಪಟೆ ಟೇಬಲ್ ಮೇಲೆ ಒತ್ತಿದ್ರೆ ಬಾಗು ಸತ್ತೋಗುತ್ತೆ, ಟವೆಲ್ ಬಿಗಿಯಾಗಿ ಸುತ್ತಿ ಅದರ ಮೇಲಿಟ್ಟು ಒತ್ತಿ, ಪೂರ್ತಿ ತಣ್ಣಗಾಗೋವರ್ಗೂ ಅಲ್ಲಿಂದ ಎತ್ಬೇಡಿ. ಹಳೇ ಹೊಲಿಗೆ ಗೆರೆ ಹೋಗದೆ ಹಟ ಮಾಡಿದ್ರೆ ಆ ಕಾಟನ್ ಬಟ್ಟೆಗೆ ನೀರು ಬೆರೆಸಿದ ಬಿಳಿ ವಿನೆಗರ್ ಸ್ವಲ್ಪ ಹಾಕಿ ಒತ್ತಿ ನೋಡಿ, ಮೊದಲು ಒಳಗಡೆ ಕಾಣದ ಜಾಗದಲ್ಲಿ.

ತೋಳಿಗೆ ಕೈ ಹಾಕೋಕ್ ಮುಂಚೆ ಗುಂಡಿ ಹತ್ರ ಕಾಜಾ ನಿಜವಾಗ್ಲೂ ತೆರೆದಿದ್ಯಾ ನೋಡಿ. ತೆರೆದಿದ್ರೆ ಕೆಳಗಿಂದ ಜಾಸ್ತಿ ಮೇಲೆ ಎತ್ತೋಕಾಗಲ್ಲ, ಕಾಜಾ ತುದಿಗೆ ಬಂದುಬಿಡುತ್ತೆ. ನಮ್ಮದು ಬರೀ ಗುಂಡಿ ಹೊಲಿದಿದ್ದಷ್ಟೇ, ಬಚಾವ್. ಎರಡು ಕೈಗೂ ಬೇರೆ ಬೇರೆ ಅಳತೆ ತಗೊಳ್ಳಿ, ಇವರ ಬಲಗೈ ಎಡಗೈಗಿಂತ ಒಂದು ನೂಲು ಉದ್ದ ಇದೆ, ಇಷ್ಟು ವರ್ಷ ನಮಗೇ ಗೊತ್ತಿರ್ಲಿಲ್ಲ. ಶರ್ಟಿನ ಕಫ್ ಅರ್ಧ ಇಂಚು ಆಚೆ ಕಾಣೋ ಹಾಗೆ ಮಡಚಿ, ಒಳಗಿನ ಗಟ್ಟಿ ಪಟ್ಟಿಗೆ ಮಾತ್ರ ಸೂಜಿ ಚುಚ್ಚಿ ಕೈಹೊಲಿಗೆ ಹಾಕ್ದೆ, ಹೊರಗಡೆ ಒಂದು ಚುಕ್ಕೀನೂ ಕಾಣಬಾರ್ದು. ಲೈನಿಂಗ್ ಬಿಚ್ಚೋಕ್ ಮುಂಚೆ ತೋಳಿನ ಹೊಲಿಗೆ ಎದುರಿಗೆ ಲೈನಿಂಗಿನ ಯಾವ ಜಾಗ ಬರುತ್ತೆ ಅಂತ ಗುರುತು ಹಾಕ್ಕೊಳ್ಳಿ, ತಿರುಚಿಕೊಂಡು ಕೂತ್ರೆ ಹಾಕ್ಕೊಂಡಾಗೆಲ್ಲಾ ಕೈ ಸಿಕ್ಕಿಹಾಕ್ಕೊಳುತ್ತೆ. ಗುಂಡಿಗಳನ್ನ ಎಷ್ಟು ಎತ್ತಿದ್ರೋ ಅಷ್ಟೇ ಮೇಲೆ ಹೊಲಿದ್ರೆ ಮುಗೀತು, ಆಮೇಲೆ ಆ ಕಳ್ಳಬಾಗಿಲನ್ನ ಮತ್ತೆ ಮೇಲಿಂದ ಮೆಷಿನ್ ಹೊಡೆದು ಮುಚ್ಚಿ.

ಕಾಲರ್ ಕೆಳಗೆ ಕತ್ತಿನ ಹಿಂದೆ ಅಡ್ಡಕ್ಕೆ ಒಂದು ಮಡಿಕೆ ಬೀಳುತ್ತೆ ಇವರಿಗೆ, ಅದನ್ನ ಹಾಗೇ ಬಿಟ್ಟಿದೀನಿ. ಕಾಲರ್ ಬಿಚ್ಚಿ ಕೆಳಗಿಳಿಸಿ ಕೂರಿಸ್ಬೇಕು, ಅದಕ್ಕೆ ಟೈಲರ್ ಹತ್ರಾನೇ ಕೊಡೋದು.