ಜಿಗಣೆಯ ಏಳು ನಿಮಿಷ: ನನ್ನ ಅನುಭವ

ಕೊಡಗಿನ ಮಳೆಗಾಲದಲ್ಲಿ ಹಾಸ್ಯನಾಟಕ ಆಡಿ ದುಡ್ಡು ಕಂಡವರಿಲ್ಲವೆಂದು ನಮ್ಮ ತಂಡದ ಹಿರಿಯರು ಹೇಳಿದಾಗ ನಾನು ಎದುರಾಡಲಿಲ್ಲ. ಅಷ್ಟು ಹೊತ್ತಿಗಾಗಲೇ ಎರಡು ಪ್ರದರ್ಶನಗಳಲ್ಲಿ 22 ಸಾವಿರದಷ್ಟು ಕಳೆದುಕೊಂಡಿದ್ದೆ. ಕಳೆದ ಜುಲೈನಲ್ಲಿ ಸೋಮವಾರಪೇಟೆ ಕಡೆಯ ತಗಡಿನ ಮಾಡಿನ ಸಭಾಂಗಣವೊಂದರಲ್ಲಿ ಒಬ್ಬಳೇ 65 ನಿಮಿಷ ಆಡಿ, ಸುಮಾರು 9 ಸಾವಿರ ಉಳಿಸಿಕೊಂಡು ಮಡಿಕೇರಿಗೆ ಮರಳಿದ ಮೇಲೆ ಇದನ್ನು ಬರೆಯುವ ಧೈರ್ಯ ಬಂತು.

ಬೆಂಗಳೂರಿನ ಧಾರಾವಾಹಿಗಳಲ್ಲಿ ನಾನು ಹನ್ನೊಂದು ವರ್ಷ ಕೆಲಸದಾಕೆಯೋ ಬಾಯಿಬಡುಕಿ ಅತ್ತಿಗೆಯೋ ಆಗಿದ್ದೆ. ದಿನಕ್ಕೆ 1,500 ರೂಪಾಯಿ, ಚೆಕ್ಕು ಮೂರು ತಿಂಗಳ ನಂತರ. ಒಂದು ಕಡೆ ನನ್ನ ಪಾತ್ರವನ್ನು ಕಾಶಿಯಾತ್ರೆಗೆ ಕಳಿಸಿದವರು 18 ದಿನಗಳ ಸಂಭಾವನೆಯನ್ನೂ ಅದರ ಜೊತೆಗೇ ಕಳಿಸಿಬಿಟ್ಟರು. ಹಾಸ್ಯದ ಪಾತ್ರಗಳಲ್ಲಿ ವರ್ಷಗಟ್ಟಲೆ ದುಡಿದ ಉಮಾಶ್ರೀಯವರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ನಗಿಸಿದ್ದಕ್ಕಲ್ಲ, 'ಗುಲಾಬಿ ಟಾಕೀಸ್'ನ ಪಾತ್ರಕ್ಕೆ ಎಂಬುದನ್ನು ನೆನೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ನಿಜವಾದ ನಷ್ಟ ಹಣದ್ದಲ್ಲ. ಕ್ಯಾಮೆರಾದ ಹಿಂದಿನಿಂದ ಪ್ರಾಂಪ್ಟಿಂಗ್ ಕಿವಿಗೆ ಬಿದ್ದ ಕೂಡಲೇ ಮಾತು ಒಪ್ಪಿಸಿ ಒಪ್ಪಿಸಿ, ನಗು ಏಳುವವರೆಗೆ ಕಾಯುವ ಅಭ್ಯಾಸವೇ ತಪ್ಪಿಹೋಗಿತ್ತು.

ಅದು ಗೊತ್ತಾದದ್ದು ವಿರಾಜಪೇಟೆಯ ಮೊದಲ ಪ್ರದರ್ಶನದಲ್ಲಿ. ಮಾಡಿನ ಮೇಲೆ ಮಳೆ ಬಡಿಯುತ್ತಿದ್ದಾಗ ನನ್ನ ಮಾತು ಮೂರನೆಯ ಸಾಲು ದಾಟಲಿಲ್ಲ; ಮುಂದಿನವರು ನಕ್ಕಾಗ ಆ ನಗುವಿನ ಮೇಲೆಯೇ ನಾನು ಮುಂದಿನ ಮಾತು ಆಡಿಬಿಡುತ್ತಿದ್ದೆ. ಎರಡನೆಯ ಸಲ 3,500 ಕೊಟ್ಟು ದೊಡ್ಡ ಸ್ಪೀಕರ್ ತಂದೆ. ಆಗ ಮಾತು ಹಿಂದಿನವರೆಗೆ ಕೇಳಿತು, ಆದರೆ ಜಗಳದಂತೆ ಕೇಳಿತು.

ಕೊನೆಗೆ ಅರ್ಧಕ್ಕಿಂತ ಹೆಚ್ಚು ಮಾತನ್ನು ಹೊಡೆದುಹಾಕಿ, ಮಳೆಯನ್ನೇ ನಾಟಕದೊಳಕ್ಕೆ ಕರೆದುಕೊಂಡೆ. ಹೆಣ್ಣು ಕೇಳಲು ಬಂದ ಹಿರಿಯಳೊಬ್ಬಳು ಚಾವಡಿಯಲ್ಲಿ ಕುಳಿತಿದ್ದಾಳೆ, ತೋಟದಿಂದ ಹತ್ತಿದ ಜಿಗಣೆ ಸೀರೆಯ ಅಂಚಿನೊಳಗೆ ಮೇಲೇರುತ್ತಿದೆ, ಮರ್ಯಾದೆ ಬಿಟ್ಟು ಕೆರೆಯುವಂತಿಲ್ಲ. ಏಳು ನಿಮಿಷ, ಅಷ್ಟರಲ್ಲಿ ಆಡುವುದು ಒಂದೇ ಮಾತು. ಬೆಲ್ಲದ ಕರಿಕಾಪಿ ಕೊಟ್ಟವರನ್ನು ಅವಳು ಮೆಲ್ಲನೆ, "ಸ್ವಲ್ಪ ಉಪ್ಪು ಉಂಟಾ?" ಎಂದು ಕೇಳುತ್ತಾಳೆ. ಉಪ್ಪು ತಾಗಿದರೆ ಜಿಗಣೆ ಕಳಚಿ ಬೀಳುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಮಾತು ಹಿಂದಿನ ಸಾಲಿಗೆ ಕೇಳಿಸದಿದ್ದರೂ, ಮುಂದಿನವರು ಹೊರಳಿ ಪಕ್ಕದವರಿಗೆ ಹೇಳುವುದರಿಂದ ನಗು ಅಲೆಯಂತೆ ಹಿಂದಕ್ಕೆ ಹೋಗುತ್ತದೆ, ಅದು ಗೋಡೆ ಮುಟ್ಟುವ ತನಕ ನಾನು ಕಾಪಿಯ ಲೋಟವನ್ನು ತುಟಿಯ ಹತ್ತಿರ ಹಿಡಿದು ಸುಮ್ಮನಿರುತ್ತೇನೆ. ಜಿಗಣೆ ಎಲ್ಲಿಯವರೆಗೆ ಏರಿದೆಯೆಂಬುದು ಕೊನೆಯ ಸಾಲಿಗೂ ಕಾಣುವಂತೆ ಹೇಗೆ ಮಾಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ನಡುವೆ ಇನ್ನೆರಡು ಪ್ರಯೋಗ ಮಾಡಿದ್ದೆ. ಟಿವಿಯವರಂತೆ ಧ್ವನಿಮುದ್ರಿತ ನಗು ಹಾಕಿಸಿದಾಗ, ಹೊರಗೆ ಯಾರು ನಗುತ್ತಿದ್ದಾರೆಂದು ಪ್ರೇಕ್ಷಕರು ಬಾಗಿಲ ಕಡೆ ನೋಡಿದರು. ಕನ್ನಡ, ಇಲ್ಲಿನ ಗೌಡರ ಅರೆಭಾಷೆ, ಕೊಡವರ ನುಡಿಯಾದ ಕೊಡವ ತಕ್ಕ್ ಮೂರನ್ನೂ ಬೆರೆಸಿದಾಗ ಜನ ಸರದಿಯಂತೆ ನಕ್ಕರೇ ಹೊರತು ಒಟ್ಟಿಗೆ ನಗಲಿಲ್ಲ. ಅಪ್ಪಚ್ಚಕವಿಗಳು 1906ರಲ್ಲೇ ಕೊಡವ ನಾಟಕ ಬರೆದುಕೊಟ್ಟ ನಾಡಿನಲ್ಲಿ ಕೊಡವ ತಕ್ಕಿಗೆ ಬೇರೆಯೇ ಪ್ರದರ್ಶನ ಕಟ್ಟಬೇಕು, ಚೂರುಪಾರು ಬೆರೆಸಿದರೆ ಸಾಲದು.

ಲೆಕ್ಕ ಗೆದ್ದದ್ದು ಮಾತ್ರ ಹೊತ್ತಿನಿಂದ. ಸಂಜೆ ಏಳಕ್ಕೆ ಇಟ್ಟರೆ ಆನೆಯ ಭಯಕ್ಕೆ ತೋಟದ ಕಡೆಯವರು ಬರುವುದಿಲ್ಲ. ಮಧ್ಯಾಹ್ನ ಎರಡೂವರೆಗೆ ಇಟ್ಟೆ. ಸುಮಾರು 130 ಜನ, ಟಿಕೆಟ್ಟು 150. ಸಭಾಂಗಣಕ್ಕೆ 4,000, ಜೀಪಿಗೆ 2,800, ಬೆಳಕಿಗೂ ಹುಡುಗರಿಗೂ 2,500, ಕಾಪಿಗೆ ಸಾವಿರದ ಮೇಲೆ.

ಗೆದ್ದವರಿಲ್ಲವೆಂದಿದ್ದ ಹಿರಿಯರೂ ಅಂದು ಕೊನೆಯ ಸಾಲಿನಲ್ಲಿ ಕುಳಿತಿದ್ದರು. ಮುಗಿದ ಮೇಲೆ ಹತ್ತಿರ ಬಂದು, "ಎಂತ ಅಮ್ಮಾ, ಜಿಗಣೆ ನಿಜದ್ದಾ?" ಎಂದು ಕೇಳಿದರು. ನಾನು ಉಪ್ಪಿನ ಡಬ್ಬಿಯನ್ನು ಅವರ ಕೈಗಿಟ್ಟು ಜೀಪು ಹತ್ತಿದೆ.